ಗ್ಯಾರೇಜ್ ಬಾಗಿಲು ಎತ್ತೋದು ಮೋಟರ್ ಅಲ್ಲ ಸ್ವಾಮಿ, ಸ್ಪ್ರಿಂಗು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ತಿಂಗಳು ನಿಮ್ಮ ಪೇಪರ್‌ನಲ್ಲಿ ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗೋ ಅಪ್ಪ ಅಮ್ಮಂದಿರು ಏನೇನು ತಗೊಂಡು ಹೋಗ್ಬೇಕು ಅಂತ ಅರ್ಧ ಪುಟ ಬಂದಿತ್ತು. ಆರು ತಿಂಗಳಿಗಾಗೋವಷ್ಟು ಬಿಪಿ ಮಾತ್ರೆ, ಡಾಕ್ಟರ್ ಚೀಟಿ, ಇನ್ಶೂರೆನ್ಸು, ಸ್ವೆಟರು, ಡಬಲ್ ಕವರ್ ಹಾಕಿದ ಚಟ್ನಿಪುಡಿ, ಎಲ್ಲಾ ಸರಿಯಾಗೇ ಬರ್ದಿದ್ರು. ಆದ್ರೆ ಅಲ್ಲಿಗೆ ಹೋದ್ಮೇಲೆ ದಿನಕ್ಕೆ ಏಳೆಂಟು ಸಲ ನಮ್ಮ ತಲೆ ಮೇಲೆ ಹೋಗಿ ಬರೋ ತೊಂಬತ್ತು ನೂರು ಕೆಜಿ ತೂಕದ ಬಾಗಿಲ ಬಗ್ಗೆ ಒಂದು ಸಾಲೂ ಇರ್ಲಿಲ್ಲ. ಅದಕ್ಕೇ ಈ ಪತ್ರ. ಉದ್ದ ಆಗುತ್ತೆ, ಕತ್ತರಿ ಹಾಕೋದಾದ್ರೆ ಹಾಕಿ, ಆದ್ರೆ ಸ್ಪ್ರಿಂಗ್ ವಿಷಯಕ್ಕೂ ಕೊನೇಲಿರೋ ಗೇಟ್ ವಿಷಯಕ್ಕೂ ಹಾಕ್ಬೇಡಿ.

ನಾನು ಹಾಸನದವನು, ಮೂವತ್ನಾಲ್ಕು ವರ್ಷ ಬಸ್ ಡಿಪೋ ವರ್ಕ್‌ಶಾಪಲ್ಲಿ ಕೈ ಕಪ್ಪು ಮಾಡ್ಕೊಂಡು ರಿಟೈರ್ ಆದವನು. ಈಗ ಕ್ಯಾಲಿಫೋರ್ನಿಯಾದ ಫಾಲ್ಸಮ್ ಅನ್ನೋ ಊರಲ್ಲಿ ಮಗಳ ಮನೇಲಿದೀನಿ, ಸಾಕ್ರಮೆಂಟೊ ಪಕ್ಕ. ಫೋನಲ್ಲೇ ಟೈಪ್ ಮಾಡ್ತಿದೀನಿ, ಒತ್ತಕ್ಷರ ತಪ್ಪಿದ್ರೆ ತಿದ್ಕೊಳ್ಳಿ.

ಇಲ್ಲಿ ಮನೆ ಕಟ್ಟೋ ರೀತಿನೇ ಬೇರೆ. ರಸ್ತೆ ಕಡೆ ಮುಖ ಮಾಡ್ಕೊಂಡು ಮೊದ್ಲು ಕಾಣೋದೇ ಗ್ಯಾರೇಜು, ಎರಡು ಕಾರು ನಿಲ್ಲೋದಾದ್ರೆ ಹದಿನಾರು ಅಡಿ ಅಗಲ ಏಳು ಅಡಿ ಎತ್ತರದ ಒಂದೇ ಬಾಗಿಲು, ನಾಲ್ಕೈದು ಅಡ್ಡ ಹಲಗೆ ಥರ ಮಡಚ್ಕೊಂಡು ಮೇಲೆ ಹೋಗಿ ತಾರಸಿ ಕೆಳಗೆ ಮಲಗುತ್ತೆ. ಮುಂಬಾಗಿಲು ಅಂತ ಒಂದಿರುತ್ತೆ, ಅದು ಕೊರಿಯರ್ ಹುಡುಗರಿಗೆ ಮಾತ್ರ. ಮನೆಯವರೆಲ್ಲ ಓಡಾಡೋದು ಗ್ಯಾರೇಜಲ್ಲೇ. ಬೆಳಿಗ್ಗೆ ಅಳಿಯಂದ್ರು ಆಫೀಸಿಗೆ, ಮಗಳು ಸ್ಕೂಲಿಗೆ ಬಿಟ್ಟು ಬರೋಕೆ, ಕಸದ ಡಬ್ಬ ಆಚೆ ಇಡೋಕೆ, ನಾನು ವಾಕಿಂಗಿಗೆ, ಎಲ್ಲದಕ್ಕೂ ಒಂದು ಬಟನ್ ಒತ್ತೋದು, ಬಾಗಿಲು ಗರ್ರ್ ಅಂತ ಏಳೋದು. ನಮ್ಮನೆಯವಳು ಬಂದು ಹದಿನೈದು ದಿನಕ್ಕೇ ಆ ಗ್ಯಾರೇಜನ್ನ ಸಂಡಿಗೆ ಒಣಗಿಸೋ ಜಾಗ ಮಾಡ್ಕೊಂಡ್ಲು, ಬಾಗಿಲು ಅರ್ಧ ಎತ್ತಿ ಬಿಸಿಲು ಒಳಗೆ ಬಿಟ್ಕೊಳ್ಳೋದು. ಅಕ್ಕಪಕ್ಕದ ಅಮೆರಿಕದವರು ನಾಯಿ ಹಿಡ್ಕೊಂಡು ಹೋಗ್ತಾ ಏನಪ್ಪಾ ಇದು ಅಂತ ನೋಡ್ತಾರೆ, ನೋಡ್ಲಿ ಬಿಡಿ.

ಒಂದಿನ ರಾತ್ರಿ ಎರಡೂವರೆ ಇರ್ಬೇಕು, ಢಂ ಅಂತ ಸದ್ದು. ಆಟಂ ಬಾಂಬ್ ಪಟಾಕಿ ಮನೆ ಒಳಗೇ ಹೊಡ್ದಂಗೆ. ಮಗಳು ಯಾರೋ ಗುಂಡು ಹೊಡೆದ್ರು ಅಂತ ಮೊಮ್ಮಗನ್ನ ಎತ್ಕೊಂಡು ಬಾತ್‌ರೂಮಿಗೆ ಓಡಿದ್ಲು, ಅಳಿಯಂದ್ರು ಟಾರ್ಚ್ ಹಿಡ್ಕೊಂಡು ಮನೆ ಪೂರ್ತಿ ಸುತ್ತಿದ್ರು, ಗ್ಯಾರೇಜಲ್ಲಿರೋ ಬಿಸಿನೀರಿನ ಟ್ಯಾಂಕ್ ಸಿಡೀತಾ ಅಂತ ಅದನ್ನೂ ಮುಟ್ಟಿ ನೋಡಿದ್ರು. ಏನೂ ಇಲ್ಲ. ಬೆಳಿಗ್ಗೆ ಆಫೀಸಿಗೆ ಹೊರಡೋಕೆ ಬಟನ್ ಒತ್ತಿದ್ರೆ ಬಾಗಿಲು ಅರ್ಧ ಅಡಿ ಎದ್ದು ನಿಂತೋಯ್ತು, ಮೋಟರ್ ಮಾತ್ರ ಹೆರಿಗೆ ನೋವು ಬಂದ ಎಮ್ಮೆ ಥರ ಮುಲುಗ್ತಿದೆ. ಅಳಿಯಂದ್ರು ಇನ್ನೊಂದ್ಸಲ ಒತ್ತಿದ್ರು, ಮತ್ತೊಂದ್ಸಲ, ಹೀಗೆ ಐದಾರು ಸಲ, ಕೊನೆಗೆ ಮೋಟರ್ ಸುಮ್ನೆ ತಿರುಗೋಕೆ ಶುರುವಾಯ್ತು, ಚೈನ್ ಅಲ್ಲಾಡ್ತಾನೇ ಇಲ್ಲ. "ಮೋಟರ್ ಹೋಯ್ತು ಮಾವ, 2006ರ ಮನೆ, ಮೋಟರೂ ಆಗಿನದ್ದೇ, ಹೊಸಾದು ಆರ್ಡರ್ ಮಾಡ್ತೀನಿ" ಅಂತ ಅಲ್ಲೇ ನಿಂತು ಫೋನ್ ತೆಗೆದ್ರು.

ನಾನು ಸುಮ್ನೆ ತಲೆ ಎತ್ತಿ ನೋಡ್ದೆ. ಬಾಗಿಲ ಮೇಲ್ಗಡೆ ಗೋಡೆಗೆ ಒಂದು ಉದ್ದ ಕಬ್ಬಿಣದ ಪೈಪು, ಅದಕ್ಕೆ ಸುತ್ಕೊಂಡು ಎರಡು ದಪ್ಪ ಸ್ಪ್ರಿಂಗು. ಎಡಗಡೇದು ಸರಿಯಾಗಿದೆ, ಬಲಗಡೇದ್ರಲ್ಲಿ ಎರಡು ಬೆರಳು ತೂರೋವಷ್ಟು ಗ್ಯಾಪು. ರಾತ್ರಿ ಢಂ ಅಂದಿದ್ದು ಅದು. ಆ ಮನೇಲಿ ನಾಲ್ಕು ವರ್ಷದಿಂದ ಇದ್ದೋರು ಒಂದು ದಿನವೂ ಮೇಲೆ ನೋಡಿರ್ಲಿಲ್ಲ, ಇಬ್ರೂ ಇಂಜಿನಿಯರ್‌ಗಳೇ, ಸಾಫ್ಟ್‌ವೇರು.

ವಿಷಯ ಏನಂದ್ರೆ, ಬಾಗಿಲು ಎತ್ತೋದು ಮೋಟರ್ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ, ಅಲ್ಲ. ಆ ಮೋಟರ್ ಅರ್ಧ ಮುಕ್ಕಾಲು ಹಾರ್ಸ್‌ಪವರಿಂದು, ಅದು ಬಾಗಿಲನ್ನ ದಾರಿ ಹಿಡ್ಸಿ ತಳ್ಳುತ್ತೆ ಅಷ್ಟೇ. ತೂಕ ಹೊರೋದು ಸ್ಪ್ರಿಂಗು. ಏತದಲ್ಲಿ ನೀರೆತ್ತುವಾಗ ಹಿಂದ್ಗಡೆ ಕಲ್ಲು ಕಟ್ಟಿರ್ತಿದ್ರಲ್ಲ, ಆ ಕಲ್ಲಿನ ಕೆಲಸ ಇಲ್ಲಿ ಸ್ಪ್ರಿಂಗ್ ಮಾಡುತ್ತೆ. ಬಾಗಿಲು ಕೆಳಗಿಳಿದಾಗ ಸ್ಪ್ರಿಂಗ್ ಬಿಗಿಯಾಗಿ ಸುತ್ಕೊಂಡು ಶಕ್ತಿ ತುಂಬ್ಕೊಳುತ್ತೆ, ಮೇಲೆ ಹೋಗುವಾಗ ಬಿಚ್ಕೊಳ್ತಾ ಎರಡು ಕಡೆ ಕೇಬಲ್ಲಲ್ಲಿ ಬಾಗಿಲನ್ನ ಎಳ್ಕೊಳುತ್ತೆ. ಎಲ್ಲಾ ಸರಿ ಇದ್ರೆ ಆ ನೂರು ಕೆಜಿ ಬಾಗಿಲನ್ನ ನನ್ನಂಥ ಮುದುಕ ಒಂದೇ ಕೈಲಿ ಎತ್ತಬಹುದು. ಸ್ಪ್ರಿಂಗ್ ಮುರಿದ್ರೆ ಇಬ್ಬರು ಪೈಲ್ವಾನರು ಬೇಕು.

ಹಾಗಾಗಿ ಬಾಗಿಲು ತಕರಾರು ಮಾಡಿದ್ರೆ ಮೋಟರ್ ತಗೊಳೋಕೆ ಓಡೋ ಮುಂಚೆ ಒಂದು ಪರೀಕ್ಷೆ ಇದೆ. ಮೇಲೆ ಸ್ಪ್ರಿಂಗ್ ಮುರಿದಿಲ್ಲ, ಪಕ್ಕದ ಕೇಬಲ್ ಕಿತ್ತಿಲ್ಲ ಅಂತ ಮೊದ್ಲು ಕಣ್ಣಲ್ಲಿ ನೋಡ್ಕೊಂಡು, ಬಾಗಿಲು ಪೂರ್ತಿ ಮುಚ್ಚಿದ್ದಾಗ ಮೋಟರ್ ಹಳಿಯಿಂದ ನೇತಾಡ್ತಿರೋ ಕೆಂಪು ಹಿಡಿ ಹಗ್ಗ ಎಳೀಬೇಕು, ಆಗ ಬಾಗಿಲಿಗೂ ಮೋಟರಿಗೂ ಸಂಬಂಧ ತಪ್ಪುತ್ತೆ. ಆಮೇಲೆ ಕೈಲಿ ಸೊಂಟದ ಮಟ್ಟಕ್ಕೆ ಎತ್ತಿ ನಿಧಾನಕ್ಕೆ ಬಿಡೋದು. ಅಲ್ಲೇ ನಿಂತ್ರೆ ಸ್ಪ್ರಿಂಗ್ ಚೆನ್ನಾಗಿದೆ, ತಕರಾರು ಮೋಟರಿಂದು. ಕೆಳಗೆ ಜಾರಿದ್ರೆ ಸ್ಪ್ರಿಂಗ್ ಸೋತಿದೆ, ಎಷ್ಟು ಒಳ್ಳೆ ಮೋಟರ್ ತಂದು ಹಾಕಿದ್ರೂ ಅದು ಬೇಗ ಸಾಯುತ್ತೆ. ಇನ್ನೊಂದು ಮಾತು, ಬಾಗಿಲು ಮೇಲಿದ್ದಾಗ ಸ್ಪ್ರಿಂಗ್ ಮುರಿದಿದ್ರೆ ಆ ಕೆಂಪು ಹಗ್ಗ ಎಳೆಯೋಕೆ ಹೋಗ್ಬೇಡಿ, ಬಾಗಿಲು ಗಿಲೊಟಿನ್ ಥರ ಬೀಳುತ್ತೆ.

ಸ್ಪ್ರಿಂಗ್ ತಾನೇ, ನಾನೇ ಹಾಕ್ತೀನಿ ಅಂದೆ. ಬಸ್ಸಿನ ಕಮಾನ್ ಪಟ್ಟ ಎಷ್ಟು ನೂರು ಬಿಚ್ಚಿ ಹಾಕಿಲ್ಲ ನಾನು. ಮಗಳು ಒಂದು ವಿಡಿಯೋ ತೋರಿಸಿದ್ಲು, ಆಮೇಲೆ ಬಾಯಿ ಮುಚ್ಕೊಂಡೆ. ಈ ಸ್ಪ್ರಿಂಗಿನ ತುದೀಲಿ ಒಂದು ಗುಬುಟು ಇರುತ್ತೆ, ಅದ್ರಲ್ಲಿ ನಾಲ್ಕು ತೂತು, ಆ ತೂತಿಗೆ ಸಲಾಕೆ ಹಾಕಿ ಕಾಲು ಕಾಲು ಸುತ್ತು ತಿರುಗಿಸ್ತಾ ಬಿಗಿ ಮಾಡ್ಬೇಕು, ಏಳು ಅಡಿ ಬಾಗಿಲಿಗೆ ಹೆಚ್ಚುಕಮ್ಮಿ ಮೂವತ್ತು ಕಾಲು ಸುತ್ತು. ಕೈ ಜಾರಿದ್ರೆ ಸಲಾಕೆ ತಿರುಗಿ ಬಂದು ದವಡೆ ಒಡೆಯುತ್ತೆ. ಸಲಾಕೆ ಬದ್ಲು ಸ್ಕ್ರೂಡ್ರೈವರ್ ತೂರಿಸಿ ಕೈ ಮುರ್ಕೊಂಡೋರು ಬೇಕಾದಷ್ಟು ಜನ ಇದಾರಂತೆ. ನಮ್ಮ ಡಿಪೋಲಿ ಟಯರ್‌ಗೆ ಗಾಳಿ ತುಂಬುವಾಗ ಲಾಕ್ ರಿಂಗ್ (ಟಯರನ್ನ ಚಕ್ರಕ್ಕೆ ಹಿಡಿದಿಡೋ ಉಕ್ಕಿನ ಬಳೆ) ಹಾರೋದನ್ನ ನೋಡಿದೋನು ನಾನು, ಬಂದೂಕಿನ ಗುಂಡಿನ ಹಾಗೆ ಹೋಗಿ ತಗಡಿನ ಮಾಡು ತೂತು ಮಾಡಿತ್ತು, ಅಲ್ಲಿಂದ ಆಚೆ ಕಬ್ಬಿಣದ ಪಂಜರದೊಳಗೆ ಇಟ್ಟೇ ಗಾಳಿ ತುಂಬ್ತಿದ್ವಿ. ಬಿಗಿದ ಸ್ಪ್ರಿಂಗೂ ಅದೇ ಜಾತಿ. ಬಾಗಿಲ ಕೆಳಮೂಲೇಲಿ ಕೇಬಲ್ ಕಟ್ಟಿರೋ ಬ್ರಾಕೆಟ್ ಇದೆಯಲ್ಲ, ಅದರ ಬೋಲ್ಟೂ ಬಿಚ್ಚಬಾರ್ದು, ಆ ಸ್ಪ್ರಿಂಗಿನ ಎಳೆತ ಪೂರ್ತಿ ಅಲ್ಲಿರುತ್ತೆ.

ಸರಿ, ರಿಪೇರಿಯವ್ರನ್ನ ಕರೆಸಿದ್ವಿ. ಬಂದು ನೋಡೋಕೆ ಬರೀ 29 ಡಾಲರ್ ಅಂತ ಫೋನಲ್ಲಿ ಜಾಹೀರಾತು ಕಂಡ ಒಂದು ಕಂಪನಿಗೆ ಮಗಳು ಬುಕ್ ಮಾಡಿದ್ಲು, ಹೆಸರು ಬೇಡ. ಬಂದ ಹುಡುಗ ಟೈ ಒಂದು ಕಟ್ಟಿರ್ಲಿಲ್ಲ ಅಷ್ಟೇ, ಥೇಟ್ ಇನ್ಶೂರೆನ್ಸ್ ಏಜೆಂಟು. ಸ್ಪ್ರಿಂಗ್ ನೋಡಿ ಎರಡು ನಿಮಿಷಕ್ಕೆ ಟ್ಯಾಬ್ ತೆಗೆದು ಸ್ಪ್ರಿಂಗು, ಕೇಬಲ್ಲು, ಡ್ರಮ್ಮು, ಹತ್ತೂ ರೋಲರ್ರು, ಬೇರಿಂಗು, ಎಲ್ಲಾ ಸೇರಿಸಿ ಲೈಫ್‌ಟೈಮ್ ವಾರಂಟಿ ಪ್ಯಾಕೇಜು 1,850 ಡಾಲರ್ ಅಂದ, ಇವತ್ತೇ ಸೈನ್ ಮಾಡಿದ್ರೆ ನೂರೈವತ್ತು ಕಮ್ಮಿ. ನಾನು ಕೇಬಲ್ ಮುಟ್ಟಿ ನೋಡ್ದೆ, ಒಂದು ಎಳೆಯೂ ಬಿಚ್ಚಿಲ್ಲ. ಇದನ್ಯಾಕಪ್ಪಾ ಬದಲಾಯಿಸ್ಬೇಕು ಅಂತ ಮಗಳ ಕೈಲಿ ಇಂಗ್ಲಿಷಲ್ಲಿ ಕೇಳಿಸ್ದೆ. ಸೇಫ್ಟಿ ಅಂದ. ಸೇಫ್ಟಿ ಅನ್ನೋ ಪದಕ್ಕೆ ಇಲ್ಲಿ ಜನ ಬೇಗ ಹೆದರ್ತಾರೆ. 29 ಡಾಲರ್ ಕೊಟ್ಟು ಕಳಿಸಿದ್ವಿ.

ಎರಡ್ನೇ ದಿನ ಎದುರುಮನೆಯವ್ರು ಹೇಳಿದ ಮೆಕ್ಸಿಕೋ ಕಡೆಯ ಒಬ್ಬ ಯಜಮಾನ ಬಂದ್ರು, ನನ್ನ ವಯಸ್ಸೇ. ಮೊದ್ಲು ಮಾಡಿದ್ದು ಬಾಗಿಲು ತೂಕ ಹಾಕಿದ್ದು, ಬಾತ್‌ರೂಮ್ ತಕ್ಕಡಿ ಥರದ್ದನ್ನ ಬಾಗಿಲ ಕೆಳಗೆ ಇಟ್ಟು. ಆಮೇಲೆ ಟೇಪ್ ಹಿಡಿದು ಸ್ಪ್ರಿಂಗಿನ ಇಪ್ಪತ್ತು ಸುತ್ತಿನ ಉದ್ದ ಅಳೆದ್ರು, ಅದ್ರಿಂದ ತಂತಿ ದಪ್ಪ ಗೊತ್ತಾಗುತ್ತಂತೆ, ಒಳಗಿನ ಅಗಲ, ಒಟ್ಟು ಉದ್ದ, ಎಲ್ಲಾ ಬರ್ಕೊಂಡ್ರು. ನಂಗೆ ಅಲ್ಲೇ ನಂಬಿಕೆ ಬಂತು. ಒಂದು ಮುರಿದಿದ್ರೂ ಎರಡೂ ಬದಲಾಯಿಸ್ತೀನಿ, ಎರಡೂ ಒಂದೇ ದಿನ ಹುಟ್ಟಿದ್ದು, ಇನ್ನೊಂದೂ ಹಿಂದೇನೇ ಹೋಗುತ್ತೆ ಅಂದ್ರು, ಅದು ಸರಿಯಾದ ಮಾತು, ಬಸ್ಸಿಗೂ ನಾವು ಜೋಡಿಯಾಗೇ ಹಾಕೋದು. ಮುಕ್ಕಾಲು ಗಂಟೆ, 380 ಡಾಲರು, ಮುಗೀತು. ಕೈಲಿ ಎತ್ತಿ ಎದೆ ಮಟ್ಟದಲ್ಲಿ ಬಿಟ್ಟು ತೋರಿಸಿದ್ರು, ಬಾಗಿಲು ಗಾಳೀಲಿ ನಿಂತ್ಕೊಂಡಿತ್ತು. ನನಗವ್ರ ಸ್ಪ್ಯಾನಿಷ್ ಬರಲ್ಲ, ಅವ್ರಿಗೆ ನನ್ನ ಕನ್ನಡ ಬರಲ್ಲ, ಆದ್ರೂ ಅರ್ಧ ಗಂಟೆ ಮಾತಾಡಿದ್ವಿ, ನಮ್ಮನೆಯವಳು ಕಾಫಿ ಕೊಟ್ಲು.

ಈ ಸ್ಪ್ರಿಂಗ್‌ಗಳಿಗೆ ಆಯಸ್ಸನ್ನ ವರ್ಷದಲ್ಲಿ ಹೇಳಲ್ಲ, ಸಲದಲ್ಲಿ ಹೇಳ್ತಾರೆ. ಸಾಮಾನ್ಯದ್ದು 10,000 ಸಲ, ಒಂದ್ಸಲ ಎದ್ದು ಇಳಿದ್ರೆ ಒಂದು ಲೆಕ್ಕ. ದಿನಕ್ಕೆ ನಾಲ್ಕು ಸಲ ತೆಗೆದ್ರೆ ವರ್ಷಕ್ಕೆ 1,460, ಅಂದ್ರೆ ಏಳು ವರ್ಷ ಹತ್ರ. ನಮ್ಮ ಮನೇಲಿ ದಿನಕ್ಕೆ ಏಳೆಂಟು ಸಲ, ಅಂದ್ರೆ ನಾಲ್ಕು ವರ್ಷವೂ ಬರಲ್ಲ. ಸ್ವಲ್ಪ ದಪ್ಪ ತಂತಿ, ಉದ್ದದ ಸ್ಪ್ರಿಂಗ್ ಹಾಕಿಸಿದ್ರೆ 20,000, 25,000 ಸಲದ್ದು ಸಿಗುತ್ತೆ, ಬೆಲೆ ಅಷ್ಟೇನೂ ಜಾಸ್ತಿ ಆಗಲ್ಲ, ಕೂಲಿ ಅದೇ. ಅಂಥದ್ದೇ ಹಾಕಿಸಿದ್ವಿ. ಮಕ್ಕಳ ಮನೆಗೆ ಹೋಗೋರು ದಿನಕ್ಕೆ ಎಷ್ಟು ಸಲ ಬಟನ್ ಒತ್ತುತೀರಿ ಒಂದ್ಸಲ ಎಣಿಸಿ ನೋಡಿ, ನಾವು ಹೋದ್ಮೇಲೆ ಲೆಕ್ಕ ಡಬಲ್ ಆಗಿರುತ್ತೆ, ಅದು ನಮಗೇ ಗೊತ್ತಿರಲ್ಲ.

ಈಗ ಮೋಟರಿಗೆ ಬರ್ತೀನಿ. ಅದೂ ಹೋಗಿತ್ತು, ಆದ್ರೆ ತಾನಾಗಿ ಹೋಗಿದ್ದಲ್ಲ, ನಮ್ಮ ಅಳಿಯಂದ್ರು ಕೊಂದಿದ್ದು (ಅವ್ರು ಈ ಪೇಪರ್ ಓದಲ್ಲ ಅನ್ನೋ ಧೈರ್ಯದ ಮೇಲೆ ಬರೀತಿದೀನಿ). ಮುಚ್ಚಳ ಬಿಚ್ಚಿದ್ರೆ ಒಳಗೆಲ್ಲ ಬಿಳಿ ಪುಡಿ, ತೆಂಗಿನಕಾಯಿ ತುರಿ ಥರ. ಚೈನ್ ಓಡಿಸೋ ಪ್ಲಾಸ್ಟಿಕ್ ಗೇರ್ ಹಲ್ಲೆಲ್ಲ ಸವೆದು ಉದುರಿತ್ತು, ಒಂದು ಸ್ಪ್ರಿಂಗ್ ಮುರಿದ ನೂರು ಕೆಜಿ ಬಾಗಿಲನ್ನ ಐದಾರು ಸಲ ಎಳೆಸಿದ್ದಕ್ಕೆ. ಗೇರ್ ಒಂದೇ ಸಿಗುತ್ತೆ, ಕಮ್ಮಿ ದುಡ್ಡು, ನಾನು ಅರ್ಧ ದಿನದಲ್ಲಿ ಹಾಕ್ತಿದ್ದೆ. ಆದ್ರೆ ಹೊಸ ಮೋಟರೇ ಇರ್ಲಿ ಅಂತ ಮನೇಲಿ ತೀರ್ಮಾನ ಆಯ್ತು, ಅದಕ್ಕೆ ಕಾರಣ ಬೆಂಕಿ.

2017ರ ಅಕ್ಟೋಬರ್‌ನಲ್ಲಿ ಇಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ, ಸಾಂಟಾ ರೋಸಾ ನಾಪಾ ಕಡೆ, ರಾತ್ರೋರಾತ್ರಿ ಕಾಡ್ಗಿಚ್ಚು ಊರೊಳಗೇ ನುಗ್ತು. ಕರೆಂಟ್ ಹೋಗಿತ್ತು. ಬಟನ್ ಒತ್ತಿದ್ರೆ ಬಾಗಿಲು ಏಳ್ತಿಲ್ಲ, ವಯಸ್ಸಾದವ್ರಿಗೆ ಕೈಲಿ ಎತ್ತೋಕಾಗ್ಲಿಲ್ಲ, ಕಾರು ಒಳಗೇ, ಅವ್ರೂ ಒಳಗೇ. ಅದಾದ್ಮೇಲೆ ಇಲ್ಲಿನ ಸರ್ಕಾರ ಕಾನೂನು ತಂತು, 2019ರ ಜುಲೈ 1ರಿಂದ ಹೊಸದಾಗಿ ಮಾರೋ, ಹಾಕೋ ಮನೆ ಗ್ಯಾರೇಜ್ ಮೋಟರ್‌ಗೆಲ್ಲ ಬ್ಯಾಟರಿ ಬ್ಯಾಕಪ್ ಇರ್ಲೇಬೇಕು ಅಂತ, ಇಲ್ಲದ್ದನ್ನ ಮಾರಿದ್ರೆ ಒಂದೊಂದಕ್ಕೂ ಸಾವಿರ ಡಾಲರ್ ದಂಡ. ನಮ್ಮ ಮನೆ ಹಳೇ ಮೋಟರಿಗೆ ಬ್ಯಾಟರಿ ಇರ್ಲಿಲ್ಲ. ಹಗಲೊತ್ತು ನಾವಿಬ್ರೇ ಮನೇಲಿರೋದು. ಗಾಳಿ ಜೋರಿದ್ರೆ ಬೆಂಕಿ ಭಯಕ್ಕೆ ಕರೆಂಟ್ ಕಂಪನಿಯವ್ರೇ ಕರೆಂಟ್ ತೆಗೆಯೋದೂ ಈ ರಾಜ್ಯದಲ್ಲಿ ಉಂಟು. ಅದನ್ನ ಕೇಳಿದ್ಮೇಲೆ ಗೇರ್ ರಿಪೇರಿ ಮಾತು ನಾನೇ ಬಿಟ್ಟೆ. ಬ್ಯಾಟರಿನೂ ಒಂದೆರಡು ವರ್ಷಕ್ಕೆ ಸೋಲುತ್ತೆ, ಸೋತಾಗ ಕೀಂ ಕೀಂ ಅನ್ನುತ್ತೆ, ಆ ಸದ್ದು ತಡೀದೆ ಜನ ಬ್ಯಾಟರಿನೇ ಕಿತ್ತು ಎಸೀತಾರೆ. ಎಸೀಬೇಡಿ, ಬದಲಾಯಿಸಿ.

ಮೋಟರ್ ಆರಿಸೋದ್ರಲ್ಲಿ ಅಂಥ ಬ್ರಹ್ಮವಿದ್ಯೆ ಏನಿಲ್ಲ. ಚೈನಿನದ್ದು ಅಗ್ಗ, ಗಟ್ಟಿ, ಗಲಾಟೆ. ಬೆಲ್ಟಿನದ್ದು ಸ್ವಲ್ಪ ದುಬಾರಿ, ಸದ್ದಿಲ್ಲ. ಮೊಮ್ಮಗನ ರೂಮು ಗ್ಯಾರೇಜ್ ಮೇಲೇ ಇರೋದ್ರಿಂದ ನಾವು ಬೆಲ್ಟಿಗೆ ಹೋದ್ವಿ. ಗೋಡೆಗೆ ಪೈಪ್ ಪಕ್ಕದಲ್ಲೇ ಕೂರಿಸೋದೂ ಒಂದಿದೆ, ತಾರಸೀಲಿ ಹಳಿ ಬೇಡ, ಚಂದ ಕಾಣುತ್ತೆ, ಆದ್ರೆ ಅದಕ್ಕೆ ನಮ್ಮ ಥರ ಪೈಪ್ ಮೇಲೆ ಸುತ್ತಿದ ಸ್ಪ್ರಿಂಗ್ ಇರೋ ಬಾಗಿಲೇ ಬೇಕು, ಪಕ್ಕದಲ್ಲಿ ಉದ್ದಕ್ಕೆ ಎಳೆಯೋ ಸ್ಪ್ರಿಂಗ್ ಇರೋ ಬಾಗಿಲಿಗೆ ಆಗಲ್ಲ. ಹಾರ್ಸ್‌ಪವರ್ ಜಾಸ್ತಿ ಇರೋದು ತಗೊಳ್ಳಿ ಅಂತ ಅಂಗಡೀಲಿ ಹೇಳ್ತಾರೆ, ಸ್ಪ್ರಿಂಗ್ ಸರಿ ಇರೋ ಬಾಗಿಲಿಗೆ ಅರ್ಧ ಹಾರ್ಸ್‌ಪವರ್ ಧಾರಾಳ ಸಾಕು. ವೈಫೈ ಈಗ ಬೇಕಾದಷ್ಟು ಮೋಟರಲ್ಲಿ ಬರುತ್ತೆ, ಅಳಿಯಂದ್ರು ಆಫೀಸಿಂದ್ಲೇ ಬಾಗಿಲು ಹಾಕ್ತಾರೆ, ಹಾಕೋ ಮುಂಚೆ ಅದು ಲೈಟ್ ಮಿಣುಕಿಸಿ ಬೀಪ್ ಬೀಪ್ ಅಂತ ಎಚ್ಚರಿಕೆ ಕೊಡ್ಲೇಬೇಕು ಅಂತ ನಿಯಮ. ಮೊದಲ್ನೇ ದಿನ ನಮ್ಮನೆಯವಳು ಸಂಡಿಗೆ ತಟ್ಟೆ ಬಿಟ್ಟು ಓಡಿ ಬಂದ್ಲು. ರಿಮೋಟ್ ದೂರದಿಂದ ಕೆಲಸ ಮಾಡ್ತಿಲ್ಲ ಅಂದ್ರೆ ಒಂದು ಕಿವಿಮಾತು, ಮೋಟರಲ್ಲಿ ಹಾಕಿರೋ ಎಲ್‌ಇಡಿ ಬಲ್ಬ್ ತೆಗೆದು ನೋಡಿ, ಅಗ್ಗದ ಬಲ್ಬುಗಳು ರಿಮೋಟ್ ಸಿಗ್ನಲ್ ಕೆಡಿಸ್ತವೆ.

ಇನ್ನು ಕಣ್ಣು. ಬಾಗಿಲ ಎರಡೂ ಕಡೆ ಕೆಳಗೆ, ನೆಲದಿಂದ ಆರು ಇಂಚಿಗಿಂತ ಮೇಲಿಲ್ಲದ ಹಾಗೆ, ಎರಡು ಪುಟ್ಟ ಡಬ್ಬಿ ಒಂದನ್ನೊಂದು ನೋಡ್ಕೊಂಡು ಕೂತಿರ್ತವೆ. ಮಧ್ಯೆ ಏನಾದ್ರೂ ಬಂದ್ರೆ ಇಳೀತಿರೋ ಬಾಗಿಲು ವಾಪಸ್ ಮೇಲೆ ಹೋಗುತ್ತೆ. ಇದು ಮೊದ್ಲಿಂದ ಇದ್ದಿದ್ದಲ್ಲ. ಮೇಲಕ್ಕೆತ್ತೋ ಗ್ಯಾರೇಜ್ ಬಾಗಿಲು ಇಲ್ಲಿ ಬಂದಿದ್ದು 1921ರಲ್ಲಿ, ಅದನ್ನ ಕರೆಂಟಲ್ಲಿ ಎತ್ತೋದು 1926ರಲ್ಲಿ, ಎರಡೂ ಸಿ. ಜಿ. ಜಾನ್ಸನ್ ಅನ್ನೋರದ್ದೇ ಕೆಲಸ. ಆ ಕಣ್ಣು ಕಡ್ಡಾಯ ಆಗೋಕೆ ಇನ್ನೂ ಅರವತ್ತೇಳು ವರ್ಷ ಬೇಕಾಯ್ತು. ಬಾಗಿಲ ಕೆಳಗೆ ಸಿಕ್ಕಿ ಮಕ್ಕಳು ಸತ್ತ ಮೇಲೆ 1990ರಲ್ಲಿ ಕಾನೂನು ಮಾಡಿದ್ರು, 1993ರ ಜನವರಿ 1ರಿಂದ ತಯಾರಾಗೋ ಮೋಟರ್‌ಗೆಲ್ಲ ಕಣ್ಣೋ, ಇಲ್ಲ ತಗುಲಿದ್ರೆ ಗೊತ್ತಾಗೋ ಅಂಚಿನ ಪಟ್ಟಿಯೋ ಇರ್ಬೇಕು ಅಂತ. ಅದಕ್ಕಿಂತ ಹಳೇ ಮೋಟರ್ ಇನ್ನೂ ಓಡ್ತಿದ್ರೆ, ಎಷ್ಟೇ ಚೆನ್ನಾಗಿ ಓಡ್ತಿರ್ಲಿ, ಕಿತ್ತಾಕಿ.

ನಮ್ಮ ಗ್ಯಾರೇಜ್ ಪಶ್ಚಿಮಕ್ಕೆ ಮುಖ. ಸಂಜೆ ಐದೂವರೆಗೆ ಬಾಗಿಲು ಮುಚ್ಚೋಕೆ ಹೋದ್ರೆ ಅರ್ಧ ಇಳಿದು ವಾಪಸ್ ಹೋಗ್ತಿತ್ತು, ಬೆಳಿಗ್ಗೆ ಮಾತ್ರ ಏನೂ ತೊಂದ್ರೆ ಇಲ್ಲ. ಮನೆಯವ್ರೆಲ್ಲ ಕಂಡುಕೊಂಡಿದ್ದ ಉಪಾಯ ಗೋಡೆ ಬಟನ್ ಒತ್ತಿ ಹಿಡ್ಕೊಳೋದು, ಹಾಗೆ ಹಿಡ್ಕೊಂಡ್ರೆ ಅದು ಕಣ್ಣಿನ ಮಾತು ಕೇಳ್ದೆ ಮುಚ್ಚುತ್ತೆ. ಇದು ನನಗೆ ಸರಿ ಬರ್ಲಿಲ್ಲ, ಮೊಮ್ಮಗನಿಗೆ ಇಳಿಯೋ ಬಾಗಿಲ ಕೆಳಗೆ ಬಗ್ಗಿ ಓಡೋದು ಆಟ. ಎರಡು ದಿನ ಕುರ್ಚಿ ಹಾಕ್ಕೊಂಡು ಕೂತು ನೋಡ್ದೆ, ಇಳಿಬಿಸಿಲು ನೇರ ಒಂದು ಕಣ್ಣಿಗೆ ಬಡೀತಿತ್ತು, ಬೆಳಕು ಕಳಿಸೋದಕ್ಕಲ್ಲ, ಬೆಳಕು ಹಿಡಿಯೋದಕ್ಕೆ. ಟಿಶ್ಯೂ ಸುರುಳಿ ಒಳಗಿನ ರಟ್ಟಿನ ಕೊಳವೆ ಕತ್ತರಿಸಿ ಅದಕ್ಕೆ ಟೋಪಿ ಹಾಕ್ದೆ, ಸರಿಯಾಯ್ತು. ಹೊಸ ಮೋಟರ್ ಕೂರಿಸುವಾಗ ಎರಡು ಕಣ್ಣನ್ನೂ ಅದಲು ಬದಲು ಮಾಡಿಸಿದ್ವಿ, ಹಿಡಿಯೋ ಕಣ್ಣು ನೆರಳಿನ ಕಡೆ ಬಂತು, ಈಗ ಟೋಪಿನೂ ಬೇಡ. ಸೈಂಟಿಸ್ಟ್ ತಾತ ಅಂತ ಮೊಮ್ಮಗ ಎರಡು ದಿನ ಕರೆದ. ತಿಂಗಳಿಗೊಂದ್ಸಲ ಬಾಗಿಲ ಕೆಳಗೆ ಒಂದೂವರೆ ಇಂಚು ದಪ್ಪದ ಮರದ ತುಂಡು ಮಲಗಿಸಿ ಮುಚ್ಚಿ ನೋಡ್ಬೇಕು, ತಗುಲಿದ ತಕ್ಷಣ ವಾಪಸ್ ಹೋಗ್ಬೇಕು, ಹೋಗ್ಲಿಲ್ಲ ಅಂದ್ರೆ ಅದು ರಿಪೇರಿ ಆಗೋವರೆಗೂ ಮಕ್ಕಳನ್ನ ಹತ್ರ ಬಿಡ್ಬಾರ್ದು.

ಬಾಗಿಲೇ ಹೊಸದು ಹಾಕಿಸೋ ಪ್ರಸಂಗ ನಮಗೆ ಬರ್ಲಿಲ್ಲ, ಪಕ್ಕದ ರಸ್ತೆ ದಾವಣಗೆರೆಯವ್ರ ಮನೇಲಿ ಬಂತು, ರಿವರ್ಸ್ ಮಾಡುವಾಗ ಕೆಳಗಿನ ಎರಡು ಹಲಗೆ ಜಜ್ಜಿ ಹೋಗಿತ್ತು. ಜಜ್ಜಿದ ಹಲಗೆ ಮಾತ್ರ ಬದಲಾಯಿಸಬಹುದು, ಆ ಮಾದರಿ ಇನ್ನೂ ತಯಾರಾಗ್ತಿದ್ರೆ. ಅವ್ರದ್ದು ಸಿಗ್ಲಿಲ್ಲ. ಹೊಸದ್ರಲ್ಲಿ ನೋಡ್ಬೇಕಾದ್ದು ತಗಡಿನ ಗೇಜು, ನಂಬರ್ ಕಮ್ಮಿ ಆದಷ್ಟೂ ತಗಡು ದಪ್ಪ, 24 ಗೇಜು 27ಕ್ಕಿಂತ ಗಟ್ಟಿ, ಇದು ನಮ್ಮ ವೆಲ್ಡಿಂಗ್ ಶಾಪಿನವ್ರಿಗೆಲ್ಲ ಗೊತ್ತಿರೋದೇ. ಇಲ್ಲಿ ಬೇಸಿಗೇಲಿ ನಲವತ್ತು ಡಿಗ್ರಿ ದಾಟುತ್ತೆ, ಬರೀ ತಗಡಿನ ಬಾಗಿಲಾದ್ರೆ ಗ್ಯಾರೇಜ್ ಹಪ್ಪಳದ ಬಾಣಲೆ, ಅದಕ್ಕೇ ಎರಡು ತಗಡಿನ ಮಧ್ಯೆ ಫೋಮ್ ತುಂಬಿದ್ದು ಒಳ್ಳೇದು, ಥರ್ಮಾಕೋಲ್ ಹಾಳೆ ಇಟ್ಟಿದ್ದಕ್ಕಿಂತ ಒಳಗೇ ಉಬ್ಬಿಸಿ ತುಂಬಿದ ಪಾಲಿಯುರಿಥೇನ್ ಮೇಲು. ಆದ್ರೆ ಹಳೇ ಸ್ಪ್ರಿಂಗ್‌ಗೇ ಹೊಸ ಭಾರದ ಬಾಗಿಲು ನೇತಾಕಿಸ್ಬೇಡಿ, ಬಾಗಿಲ ತೂಕ ಬದಲಾದ್ರೆ ಸ್ಪ್ರಿಂಗೂ ಬದಲಾಗ್ಬೇಕು. ಫ್ಲೋರಿಡಾ ಕಡೆ ಇರೋರಿಗೆ ಲೆಕ್ಕವೇ ಬೇರೆ, 1992ರ ಆಂಡ್ರ್ಯೂ ಚಂಡಮಾರುತದಲ್ಲಿ ಗಾಳಿ ಮೊದ್ಲು ಗ್ಯಾರೇಜ್ ಬಾಗಿಲನ್ನ ಒಳಕ್ಕೆ ಒತ್ತಿ, ಆಮೇಲೆ ಒಳಗಿಂದ ಮಾಡು ಎತ್ತಿ ಎಸೆದ ಮನೆಗಳು ಎಷ್ಟೋ, ಅಲ್ಲಿ ಗಾಳಿ ತಡೆಯೋ ಬಾಗಿಲೇ ಹಾಕ್ಬೇಕು.

ಈಗ ನಮ್ಮೂರಿನ ಮಾತು, ಈ ಪತ್ರ ಬರೆಯೋಕೆ ಅಸಲಿ ಕಾರಣ ಇದೇ. ನಮ್ಮಲ್ಲಿ ಈ ಥರ ಮಡಚೋ ಬಾಗಿಲು ಕಮ್ಮಿ, ಶಟರ್ ಇದೆ. ಅಂಗಡಿ ಶಟರ್ ಮೇಲಿನ ಪೈಪೊಳಗೂ ಸ್ಪ್ರಿಂಗೇ ಇರೋದು, ಅದು ಸೋತಾಗ್ಲೇ ಶೆಟ್ರು ಕೊಕ್ಕೆ ಕೋಲು ಹಿಡಿದು ಜೋತಾಡೋದು. ಕೈಲಿ ಎಳೆಯೋ ಶಟರ್ ಮಗು ಕಂಡ್ರೆ ನಾವೇ ನಿಲ್ಲಿಸ್ತೀವಿ. ಈಗ ಬೆಂಗಳೂರು ಮೈಸೂರಲ್ಲಿ ಹೊಸ ಮನೆಗೆಲ್ಲ ಕಾರ್ ಪಾರ್ಕಿಂಗ್‌ಗೆ ಮೋಟರ್ ಶಟರು, ಸ್ಲೈಡಿಂಗ್ ಗೇಟಿಗೆ ಮೋಟರು, ಕಾರಲ್ಲಿ ಕೂತೇ ರಿಮೋಟ್ ಒತ್ತೋದು. ಗೇಟ್ ಮೋಟರಿಗೂ ಅದೇ ಥರ ಎರಡು ಕಣ್ಣು ಬೇಕು, ಕೆಲವು ಸೆಟ್ಟಲ್ಲಿ ಜೊತೇಲೇ ಬರುತ್ತೆ, ಕೆಲವಕ್ಕೆ ಬೇರೆ ತಗೋಬೇಕು. ಫಿಟ್ ಮಾಡೋರು ಎಷ್ಟು ಕಡೆ ಅದನ್ನ ಹಾಕೋದೇ ಇಲ್ಲ, ಬೋರ್ಡಲ್ಲಿ ಒಂದು ವೈರ್ ತುಂಡು ಸಿಕ್ಕಿಸಿ ಕಣ್ಣು ಇದೆ ಅಂತ ಮೋಟರಿಗೆ ಸುಳ್ಳು ಹೇಳಿ ಹೋಗ್ತಾರೆ. ಗೇಟ್ ರೈಲಿನ ಕೊನೇಲಿ ಸ್ಟಾಪರ್ ಗಟ್ಟಿ ಇದೆಯಾ, ಮೇಲ್ಗಡೆ ಗೈಡ್ ರೋಲರ್ ಸವೆದಿದೆಯಾ ಅಂತ ಕೇಳೋರಿಲ್ಲ. 2024ರಲ್ಲಿ ಮಲ್ಲೇಶ್ವರದ ಆಟದ ಮೈದಾನದಲ್ಲಿ ಕಬ್ಬಿಣದ ಗೇಟ್ ಬಿದ್ದು ಒಬ್ಬ ಹುಡುಗ ತೀರ್ಕೊಂಡಿದ್ದು ನಿಮ್ಮ ಓದುಗರಿಗೆ ನೆನಪಿರುತ್ತೆ. ಅದಕ್ಕೆ ಮೋಟರ್ ಕೂಡ ಇರ್ಲಿಲ್ಲ.

ಮನೆ ಪ್ಲಾನ್ ಪಾಸ್ ಮಾಡುವಾಗ ಕಾರ್ ನಿಲ್ಲೋಕೆ ಜಾಗ ಬಿಟ್ಟಿದ್ದಾರಾ ಅಂತ ಅಳೀತಾರಲ್ಲ, ಆ ಕಾರಿನ ಗೇಟಿಗೆ ಮೋಟರ್ ಹಾಕಿದ್ರೆ ಕಣ್ಣೂ ಇರ್ಬೇಕು, ಕರೆಂಟ್ ಹೋದ್ರೆ ಕೈಲಿ ಬಿಡಿಸೋ ಕೀ ಮನೆಯವ್ರಿಗೆಲ್ಲ ಗೊತ್ತಿರೋ ಜಾಗದಲ್ಲಿರ್ಬೇಕು ಅಂತ ಒಂದು ಸಾಲು ಸೇರಿಸೋಕೆ ಸರ್ಕಾರಕ್ಕೆ ಏನು ಖರ್ಚು? ಅದು ಆಗೋವರೆಗೂ ನಿಮ್ಮ ಪೇಪರಾದ್ರೂ ಆ ಮನೆ ಕಟ್ಟೋರ ಪುಟದಲ್ಲಿ ಗ್ರಾನೈಟ್ ಬಣ್ಣದ ಜೊತೆ ಇದನ್ನೂ ಬರೀಲಿ.

ಮೈಸೂರಲ್ಲಿ ನಮ್ಮಣ್ಣನ ಮಗ ಹೋದ ವರ್ಷ ಗೇಟಿಗೆ ಮೋಟರ್ ಹಾಕಿಸಿದಾನೆ. ಕಣ್ಣು ಎಲ್ಲೋ ಅಂತ ಫೋನಲ್ಲಿ ಕೇಳ್ದೆ. "ಫಿಟ್ಟರ್ ಬೇಡ ಅಂದ ಚಿಕ್ಕಪ್ಪ, ನಾಯಿ ಬೆಕ್ಕು ಅಡ್ಡ ಬಂದ್ರೆಲ್ಲ ಗೇಟ್ ನಿಲ್ತದಂತೆ, ಸುಮ್ನೆ ತಲೆನೋವು" ಅಂದ. ಮನೇಲಿ ಮೂರು ವರ್ಷದ ಮಗು ಇದೆ. ಡಬ್ಬ ಹುಡುಕು ಅಂದೆ. ನಿನ್ನೆ ಫೋಟೋ ಕಳಿಸಿದಾನೆ, ಸಜ್ಜಾ ಮೇಲೆ ಹಳೇ ಮಿಕ್ಸಿ ಪಕ್ಕ, ಪ್ಲಾಸ್ಟಿಕ್ ಕವರೂ ಬಿಚ್ಚದ ಹಾಗೆ ಎರಡೂ ಕಣ್ಣು ಕೂತಿವೆ. ಮುಂದಿನ ತಿಂಗಳು ಊರಿಗೆ ಬರ್ತಿದೀನಿ, ಹಾಸನಕ್ಕೆ ಆಮೇಲೆ ಹೋದ್ರಾಯ್ತು, ಮೊದ್ಲು ಮೈಸೂರು. ಸ್ಕ್ರೂಡ್ರೈವರು, ಡ್ರಿಲ್ಲು ಎರಡೂ ರೆಡಿ ಇಟ್ಕೊಂಡಿರು ಅಂತ ಹೇಳಿದೀನಿ.

ಇಂತಿ ತಮ್ಮ ಹಳೇ ಓದುಗ,
ಒಬ್ಬ ನಿವೃತ್ತ ಬಸ್ ಮೆಕ್ಯಾನಿಕ್
ಹಾಸನ (ಸದ್ಯಕ್ಕೆ ಫಾಲ್ಸಮ್, ಕ್ಯಾಲಿಫೋರ್ನಿಯಾ)